ಎಂವಿಪಿ ಕಾಲೋನಿಯ ಸ್ಪ್ಯಾನಿಷ್ ಕ್ಲಾಸು

ಕೆಲವರ ಹಣೆಯಲ್ಲಿ ಸರಕಾರಿ ನೌಕರಿ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ಫಾರಿನ್ನು. ನನ್ನ ಹಣೆಯಲ್ಲಿ ಬರೆದದ್ದು ಫಜೀತಿ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ, ಅದೇ ಮನೆ ವಿಳಾಸ ಕೇಳಿಕೊಂಡು ಬರುತ್ತದೆ. ಗದಗ-ಬೆಟಗೇರಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಬಾಟನಿ ಓದಿ, ಉಕ್ಕಿನ ಕಾರ್ಖಾನೆಯ ಎಂಜಿನಿಯರನ್ನು ಕಟ್ಟಿಕೊಂಡು ವಿಶಾಖಪಟ್ಟಣಕ್ಕೆ ಬಂದವಳು ನಾನು. ಅಲ್ಲಿನ ಒಂದು ಕ್ರೈಸ್ತ ಕಾಲೇಜಿನಲ್ಲಿ ಬೇರು, ಕಾಂಡ, ಎಲೆ ಎಂದು ಪಾಠ ಮಾಡಿಕೊಂಡು ಸುಖವಾಗಿದ್ದೆ. ಅಂಥವಳಿಗೆ ಸ್ಪ್ಯಾನಿಷ್ ಗಂಟುಬಿತ್ತು. ಅದು ಗಂಟುಬಿದ್ದ ಆ ಒಂದು ವರ್ಷದಲ್ಲಿ ನಾನು ನಕ್ಕಷ್ಟು ಬೇರೆ ಯಾವಾಗಲೂ ನಕ್ಕಿಲ್ಲ. ಅತ್ತದ್ದೂ ಉಂಟು, ಆದರೆ ಅದೂ ನಕ್ಕು ನಕ್ಕೇ.

ಕಣ್ಣು ಮುಚ್ಚಿದಾಗ ಆದದ್ದು

ಊರಿನ ಕಾಲೇಜುಗಳೆಲ್ಲ ಫಾರಿನ್ ಫಾರಿನ್ ಎಂದು ಕುಣಿಯುತ್ತಿದ್ದ ಕಾಲ ಅದು. ನಮ್ಮ ಪ್ರಿನ್ಸಿಪಾಲರು ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದವರೇ ಸ್ಟಾಫ್ ಮೀಟಿಂಗ್ ಕರೆದರು. ಕೋಸ್ಟರಿಕಾ ಎಂಬ ದೇಶದ ಕ್ರೈಸ್ತ ಕಾಲೇಜೊಂದು ನಮ್ಮ ವಿದ್ಯಾರ್ಥಿಗಳನ್ನು ನಾಲ್ಕು ತಿಂಗಳು ಕರೆಸಿಕೊಳ್ಳುತ್ತದಂತೆ. ಮಕ್ಕಳು ಅಲ್ಲಿನವರ ಮನೆಯಲ್ಲೇ ಇದ್ದು, ಅವರ ಜೊತೆ ಉಂಡು, ಅವರ ಜೊತೆ ಭಾನುವಾರ ಚರ್ಚಿಗೆ ಹೋಗಿ ಸ್ಪ್ಯಾನಿಷ್ ಕಲಿಯಬೇಕು. ಜೊತೆಗೆ ಇಕೋಟೂರಿಸಂ. ಅಂದರೆ ಕಾಡನ್ನು ಹಾಳು ಮಾಡದೆ ಜನರಿಗೆ ಕಾಡು ತೋರಿಸುವ ವಿದ್ಯೆ. ಒಂದೇ ಷರತ್ತು: ಮೊದಲ ತಂಡದಲ್ಲಿ ಆರು ಮಂದಿ ಇರಲೇಬೇಕು, ಒಬ್ಬರು ಕಡಿಮೆಯಾದರೂ ಯೋಜನೆ ಇಲ್ಲ.

"ಇದನ್ನು ಯಾರು ವಹಿಸಿಕೊಳ್ಳುತ್ತೀರಿ?" ಎಂದು ಕೇಳಿದರು ಪ್ರಿನ್ಸಿಪಾಲರು. ಎಲ್ಲರೂ ಫ್ಯಾನ್ ನೋಡಿದೆವು. ಕಾಮರ್ಸ್ ಮೇಷ್ಟ್ರು ತಮ್ಮ ಚಪ್ಪಲಿಯಲ್ಲಿ ಏನೋ ಹುಡುಕಲು ಬಗ್ಗಿದವರು ಮೇಲೇಳಲೇ ಇಲ್ಲ.

"ಸರಿ, ಪ್ರಾರ್ಥನೆ ಮಾಡೋಣ" ಎಂದರು ಪ್ರಿನ್ಸಿಪಾಲರು. ಬಚಾವಾದೆವು ಎಂದುಕೊಂಡು ಕಣ್ಣು ಮುಚ್ಚಿದೆವು. ಅವರು ಒಳ್ಳೆಯ ಹವೆಗಾಗಿ ಸ್ತೋತ್ರ ಹೇಳಿದರು, ಹೊಸ ಕಾಂಪೌಂಡ್ ಗೋಡೆಗಾಗಿ ಸ್ತೋತ್ರ ಹೇಳಿದರು, ಆಮೇಲೆ ಅದೇ ಉಸಿರಿನಲ್ಲಿ, "ಈ ಹೊರೆಯನ್ನು ಸಂತೋಷದಿಂದ ಹೊತ್ತುಕೊಂಡಿರುವ ನಮ್ಮ ಬಾಟನಿ ಸಹೋದರಿಗೆ ಬಲ ಕೊಡು ತಂದೆ" ಎಂದುಬಿಟ್ಟರು. ಎಲ್ಲರೂ ಒಕ್ಕೊರಲಿನಿಂದ ಆಮೆನ್ ಎಂದರು. ಕಾಮರ್ಸ್ ಮೇಷ್ಟ್ರ ಆಮೆನ್ ಬಸ್ ಸ್ಟಾಪಿನವರೆಗೂ ಕೇಳಿಸಿರಬೇಕು. ಹುಟ್ಟಿದಾಗಿನಿಂದ ಬಂದ ಅಭ್ಯಾಸ ನೋಡಿ, ನನ್ನ ಬಾಯೂ ತಾನಾಗಿಯೇ ಆಮೆನ್ ಎಂದಿತು.

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, "ಒಲ್ಲೆ ಅನ್ನಾಕ ಏನಾಗಿತ್ತು ನಿನಗ?" ಎಂದರು.

"ಹೆಂಗ ಅನ್ನಲಿರಿ? ಪ್ರಿನ್ಸಿಪಾಲರ ಮುಂದ ಹೇಳಿದ್ದಾದ್ರ ವಾಪಸ್ ತಗೋಬಹುದಿತ್ತು. ಅವರು ಸೀದಾ ದೇವರಿಗೇ ಹೇಳಿಬಿಟ್ಟಾರ!"

ಈರುಳ್ಳಿ ಕಿಲೋ ಎಷ್ಟು

ಆರು ಮಂದಿ ಸಿಗುವುದು ಕಷ್ಟವಾಗಲಿಲ್ಲ. ಐದು ಮನೆಗಳಲ್ಲಿ ಹೂಂ ಎಂದರು. ಆರನೆಯವಳು ಬೆಜವಾಡದ ಹುಡುಗಿ. ವಿಜಯವಾಡಕ್ಕೆ ಆ ಕಡೆಯ ಜನ ಈಗಲೂ ಬೆಜವಾಡ ಎಂದೇ ಅನ್ನುತ್ತಾರೆ. ಹಾಸ್ಟೆಲ್ಲಿನಲ್ಲಿದ್ದಳು, ತಂದೆ ತಾಯಿ ಇಲ್ಲ, ಅಜ್ಜಿ ಸಾಕಿದವಳು. ಕೃಷ್ಣಾ ನದಿಯ ನಡುಗಡ್ಡೆಗಳಿಗೆ ದೋಣಿಯಲ್ಲಿ ಜನರನ್ನು ಕರೆದೊಯ್ದು ಹಕ್ಕಿ ತೋರಿಸಬೇಕು, ಅದೇ ತನ್ನ ಜೀವನೋಪಾಯವಾಗಬೇಕು ಎಂದು ಅವಳ ಆಸೆ. ಹಕ್ಕಿಯ ವಿಷಯ ಬಂದರೆ ಊಟ ಬಿಟ್ಟು ಎದ್ದು ಬರುವ ಹುಡುಗಿ. ಅವಳು ಹೋಗಲೇಬೇಕು ಎಂದು ಅವಳಿಗಿಂತ ಹೆಚ್ಚು ನನಗೇ ಆಗಿಬಿಟ್ಟಿತ್ತು. ಆದರೆ ಊರಿಗೆ ಹೋದಾಗಲೆಲ್ಲ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದಳು. "ಅಮ್ಮಮ್ಮ ಇನ್ನೂ ಒಪ್ಪಿಲ್ಲ ಮೇಡಂ." ಅವಳು ಹೋಗದಿದ್ದರೆ ಉಳಿದ ಐವರೂ ಹೋಗುವಂತಿಲ್ಲ.

ಒಪ್ಪುತ್ತಾರೆ ಎಂಬ ನಂಬಿಕೆಯ ಮೇಲೆ ಪಾಠ ಶುರು ಮಾಡಬೇಕಿತ್ತು. ನಾವಿದ್ದ ಎಂವಿಪಿ ಕಾಲೋನಿಯಲ್ಲಿ ಕಲ್ಲೆಸೆದರೆ ಕೋಚಿಂಗ್ ಸೆಂಟರಿಗೆ ಬೀಳುತ್ತಿತ್ತು. ಎಂಜಿನಿಯರಿಂಗಿಗೆ, ಮೆಡಿಕಲ್ಲಿಗೆ, ಬ್ಯಾಂಕ್ ಪರೀಕ್ಷೆಗೆ ಎಲ್ಲಕ್ಕೂ ಉಂಟು, ಸ್ಪ್ಯಾನಿಷ್ಷಿಗೆ ಮಾತ್ರ ಇಲ್ಲ. ಕೊನೆಗೆ ನಮ್ಮ ಚರ್ಚಿನ ಹಿಂದಿನ ಬೆಂಚಿನಲ್ಲೇ ಸಿಕ್ಕರು. ಸರಕು ಹಡಗುಗಳಲ್ಲಿ ಅಡುಗೆಯವರಾಗಿ ನಿವೃತ್ತರಾದ ತಾತ. ಗಿರಿಜಾ ಮೀಸೆ. "ದಕ್ಷಿಣ ಅಮೆರಿಕದಲ್ಲಿ ನಾನು ಇಳಿಯದ ಬಂದರಿಲ್ಲ, ಚೌಕಾಸಿ ಮಾಡದ ಮಾರ್ಕೆಟ್ ಇಲ್ಲ" ಎಂದರು. ನಾನು ಮೊದಲ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡೆ.

ನಮ್ಮ ಹಾಲಿನಲ್ಲೇ ಕ್ಲಾಸು. ಆರು ಗಂಟಲುಗಳ ಗದ್ದಲ ಕೇಳಿ ಕೆಳಗಿನ ಫ್ಲಾಟಿನ ಗೃಹಸ್ಥರು ಮಗನ ಕೈಹಿಡಿದುಕೊಂಡು ಬಂದರು.

"ಏನು ಕೋಚಿಂಗ್ ಮೇಡಂ?"

"ಸ್ಪ್ಯಾನಿಷ್."

"ಎಂಟ್ರೆನ್ಸಿನಲ್ಲಿ ಎಷ್ಟು ಮಾರ್ಕಿಗೆ ಬರುತ್ತೆ?"

"ಬರೋದಿಲ್ಲ."

ಅವರು ನನ್ನನ್ನು ಕನಿಕರದಿಂದ ನೋಡಿ, ಮಗನನ್ನು ಎಳೆದುಕೊಂಡು ಬೇಗ ಬೇಗ ಮೆಟ್ಟಿಲಿಳಿದರು.

ಕೆಲವು ವಾರ ಕಳೆದ ಮೇಲೆ ಕೋಸ್ಟರಿಕಾದ ಕಾಲೇಜಿನ ಟೀಚರಮ್ಮ ಫೋನಿನಲ್ಲೇ ಮಕ್ಕಳನ್ನು ಪರೀಕ್ಷೆ ಮಾಡುತ್ತಾರೆಂದು ತಿಳಿಯಿತು. ಪ್ರಿನ್ಸಿಪಾಲರ ಮೇಜಿನ ಮೇಲೆ ಸ್ಪೀಕರ್ ಫೋನು, ಸುತ್ತ ನಾವು. ಮೊದಲ ಹುಡುಗನಿಗೆ ಆಕೆ ನಿನ್ನ ಮನೆಯವರ ಬಗ್ಗೆ ಹೇಳು ಎಂದರಂತೆ. ಇವನು ಗಂಟಲು ಸರಿಮಾಡಿಕೊಂಡು, ಈರುಳ್ಳಿ ಕಿಲೋ ಎಷ್ಟು ಎಂದು ಕೇಳಿದ. ಆಕೆ ಗಾಬರಿಬಿದ್ದು ಏನೋ ಒಂದು ರೇಟು ಹೇಳಿದರು. ಇವನು "ಮೂಯ್ ಕಾರೋ!" ಎಂದ, ಬಹಳ ದುಬಾರಿ ಎಂದು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಿರುಗಿ ನಿಂತು ಸರಸರ ಬಾಗಿಲಿನ ಕಡೆ ನಡೆದೇಬಿಟ್ಟ. ಹಾಗೆ ಹೊರಟರೇನೇ ಅವರಾಗಿ ಕೂಗಿ ಕರೆಯುತ್ತಾರೆ ಎಂದು ತಾತ ಪಾಠ ಹೇಳಿದ್ದರು. ದೇವರ ದಯೆ, ಆಕೆ ಕೂಗಿ ಕರೆದರು! ಇವನು ವಿಜಯದ ನಗೆ ನಗುತ್ತ ವಾಪಸ್ ಬಂದು ಕೂತ.

ಉಳಿದವರೂ ಅಷ್ಟೆ. ಒಬ್ಬಳು ಮೀನು ತಾಜಾ ಅಲ್ಲ ಎಂದಳು, ಒಬ್ಬ ಎಣ್ಣೆ ಇನ್ನೂ ಕಾಯಬೇಕು ಎಂದ. ಆಕೆ ನಕ್ಕು ನಕ್ಕು ಕೊನೆಗೆ ಇಂಗ್ಲಿಷಿನಲ್ಲಿ, "ಎಲ್ಲರೂ ಪಾಸ್. ನಮ್ಮ ದೇಶದಲ್ಲಿ ಇವರು ಹಸಿದುಕೊಂಡಂತೂ ಇರುವುದಿಲ್ಲ" ಎಂದರು. ಸ್ಪ್ಯಾನಿಷ್ ಒಂದಕ್ಷರವೂ ಅರ್ಥವಾಗದ ಪ್ರಿನ್ಸಿಪಾಲರು ಮಾತ್ರ ಆ ಮೊದಲ ಹುಡುಗನ ಬೆನ್ನು ತಟ್ಟಿ, "ಏನು ಗಾಂಭೀರ್ಯ! ಸಾಹಿತ್ಯ ತಾನೆ ನೀನು ಮಾತಾಡಿದ್ದು?" ಎಂದರು.

ಅತ್ತೆಯವರ ಸಾಕ್ಷಿ

ಭಾಷೆ ಮೈಗೆ ಹತ್ತಬೇಕಾದರೆ ಇಡೀ ದಿನ ಅದರಲ್ಲೇ ಮುಳುಗಿರಬೇಕು ಎಂದು ಕೋಸ್ಟರಿಕಾದ ಟೀಚರಮ್ಮ ಬರೆದಿದ್ದರು. ಸರಿ, ಶನಿವಾರ ಬೆಳಗಿನಿಂದ ಸಂಜೆಯವರೆಗೆ ನಮ್ಮ ಮನೆಯಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡಕೂಡದು ಎಂದು ಕಾನೂನು ಮಾಡಿದೆ. ಧಾರವಾಡದಿಂದ ಆಗತಾನೆ ಬಂದಿಳಿದಿದ್ದ ನಮ್ಮ ಅತ್ತೆಗೂ ವಿಷಯ ತಿಳಿಸಿದೆ. ಕೇಳಿಸಿತೋ ಇಲ್ಲವೋ, ಅವರು ಜೋಳದ ಹಿಟ್ಟು ಜರಡಿ ಹಿಡಿಯುತ್ತ ಹೂಂ ಎಂದರು. ನಾನು ತರಕಾರಿಗೆಂದು ರೈತು ಬಜಾರಿಗೆ ಹೋದೆ.

ಮಕ್ಕಳ ಈರುಳ್ಳಿ, ಮೀನು, ಎಣ್ಣೆ ಎಲ್ಲ ಮುಗಿಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಅತ್ತೆ ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಆಡಲು ಮಾತೇ ಉಳಿದಿರಲಿಲ್ಲ. ಆರೂ ಮಂದಿ ಸಾಲಾಗಿ ಕೂತು, ಕೈಸನ್ನೆ ಬಾಯಿಸನ್ನೆ ಮಾಡಿಕೊಂಡಿದ್ದರು. ಅತ್ತೆ ನೀರು ಬೇಕೇನು ಎಂದರೆ ತಲೆ ಆಡಿಸುತ್ತಾರೆ. ಹೆಸರೇನು ಎಂದರೆ ನಗುತ್ತಾರೆ. ಅತ್ತೆಯ ಕರುಳು ಚುರುಕ್ ಎಂದಿದೆ. ಇಷ್ಟು ಲಕ್ಷಣವಾದ ಮಕ್ಕಳು, ಒಂದಕ್ಕೂ ಬಾಯಿಲ್ಲವಲ್ಲ! ರೊಟ್ಟಿ ಬಡಿಯುತ್ತಲೇ ಕಣ್ಣೀರು ಸುರಿಸಿ ಪ್ರಾರ್ಥನೆಗೆ ಶುರುವಿಟ್ಟಿದ್ದಾರೆ. ಅದೇ ಹೊತ್ತಿಗೆ ಅಟ್ಟದಿಂದ ಒಂದು ಜಿರಲೆ ಹಾರಿ ಬಂದು ಒಬ್ಬನ ತಟ್ಟೆಯ ಎಣಗಾಯಿ ಮೇಲೆ ಕೂತಿತು. ಆರೂ ಮಂದಿ ಒಟ್ಟಿಗೆ ಎದ್ದು, "ಬೊದ್ದಿಂಕ! ಬೊದ್ದಿಂಕ!" ಎಂದು ಅಚ್ಚ ತೆಲುಗಿನಲ್ಲಿ ಬೊಬ್ಬೆ ಹೊಡೆದರು.

ನಾನು ಚೀಲ ಹಿಡಿದು ಒಳಗೆ ಬಂದಾಗ ಅತ್ತೆ ಮೊಣಕಾಲೂರಿ ಕೂತಿದ್ದರು, ರೊಟ್ಟಿಯ ಹಿಟ್ಟು ಕೈಯಲ್ಲೇ ಇತ್ತು. ಎಷ್ಟು ತಿಳಿಸಿ ಹೇಳಿದರೂ ಒಪ್ಪಲಿಲ್ಲ. "ನೀ ಭಾಳ ಕಲತಾಕಿ. ನಿಮ್ಮಂಥವರಿಗೆ ಅದ್ಭುತ ಕಾಣಂಗಿಲ್ಲ" ಎಂದರು.

ಮರುದಿನ ಭಾನುವಾರ. ನಾವು ಹೋಗುತ್ತಿದ್ದುದು ತೆಲುಗು ಚರ್ಚು. ಅಲ್ಲಿ ಹಾಡಾದ ಮೇಲೆ, ದೇವರು ತಮಗೆ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದುನಿಂತು ಸಾಕ್ಷಿ ಹೇಳಬಹುದು. ನಾನು ಸೆರಗು ಹಿಡಿಯುವುದರೊಳಗೆ ಅತ್ತೆ ಮೈಕಿನ ಮುಂದಿದ್ದರು. ಪಾದ್ರಿಗಳು ಸಂತೋಷದಿಂದ ನನ್ನನ್ನೂ ಕರೆದರು, ತೆಲುಗಿನಲ್ಲಿ ಹೇಳಮ್ಮಾ ಎಂದು.

"ಆರು ಮೂಕ ಕೂಸು ಬಂದಿದ್ದುವ್ರೀ ನಮ್ಮ ಮನಿಗೆ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

ಆ ಆರು ಮೂಕ ಕೂಸುಗಳು ಮೂರನೇ ಸಾಲಿನಲ್ಲಿ ಕೂತು ಗಟ್ಟಿಯಾಗಿ ಹಾಡಿ ಆಗಷ್ಟೇ ಮುಗಿಸಿದ್ದರು. ನಾನು ತೆಲುಗಿನಲ್ಲಿ, "ಆರು ಮಕ್ಕಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು" ಎಂದೆ.

"ನಾ ಪ್ರಾರ್ಥನಾ ಮಾಡಿದ್ದೇ ತಡ, ಒಮ್ಮಿಗೇ ಎಲ್ಲಾರಿಗೂ ಬಾಯಿ ಬಂತ್ರೀ!"

"ಎಲ್ಲರೂ ಹೊಟ್ಟೆ ತುಂಬ ಊಟ ಮಾಡಿದರು."

ಸಭೆಯಲ್ಲಿ ಅಲ್ಲೊಂದು ಇಲ್ಲೊಂದು ಮೆತ್ತಗಿನ ಆಮೆನ್ ಕೇಳಿಬಂತು. ಅತ್ತೆ ಕಾದರು, ಮತ್ತೂ ಕಾದರು. ಕೊನೆಗೆ ಮನೆಗೆ ಬಂದು ಚಪ್ಪಲಿ ಬಿಡುತ್ತ, "ಮೂಕರು ಮಾತಾಡಿದ್ರೂ ಇಷ್ಟ ಏನ ಇವರ ಆಮೆನ್? ಈ ಊರಾಗ ದಿನಾ ಆಗ್ತಿರಬೇಕು ಬಿಡು" ಎಂದರು.

ಕಾಡಿನಲ್ಲಿ ಪ್ರಾರ್ಥನೆ

ಊರಾಚೆಯ ಗುಡ್ಡದ ಕಾಡಿನಲ್ಲಿ ಇಕೋಟೂರಿಸಂ ಪ್ರಾಕ್ಟಿಕಲ್. ಮಕ್ಕಳೇ ಗೈಡುಗಳು. ಪ್ರವಾಸಿಗರಾಗಿ ಯಾರಾದರೂ ಬೇಕಲ್ಲ ಎಂದು ಅವರವರ ಮನೆಯವರನ್ನು ಕರೆಯಿರಿ ಎಂದೆ. ಕಾಡಿಗೆ ಮೆಲ್ಲಗೆ ಬನ್ನಿ, ಕಡಿಮೆ ಸಾಮಾನು ತನ್ನಿ ಎಂದೂ ಹೇಳಿ ಕಳಿಸಿದ್ದೆ. ಬೆಳಿಗ್ಗೆ ಎರಡು ವ್ಯಾನು ಬಂದು ನಿಂತವು. ಪುಳಿಹೋರೆಯ ತಪ್ಪಲೆ, ಬಾಳೆಹಣ್ಣಿನ ಗೊನೆ, ಜಮಖಾನ, ಗಿಟಾರು, ಡೋಲಕ್ಕು. ಡೋಲಕ್ ಒಂದನ್ನಾದರೂ ವ್ಯಾನಿನಲ್ಲೇ ಬಿಡಿ ಎಂದು ಕೈಮುಗಿದೆ.

ಬೆಜವಾಡದ ಹುಡುಗಿ ಗೈಡಾಗಿ ಮುಂದೆ ನಿಂತಳು. ಅವಳ ಮನೆಯವರು ಯಾರೂ ಬಂದಿರಲಿಲ್ಲ, ಆದರೂ ಕೆಲಸದಲ್ಲಿ ಎಂಥ ಚೆಂದ ಅವಳು! "ಹತ್ತು ನಿಮಿಷ ಸದ್ದು ಮಾಡದೆ ಕಣ್ಣು ಮುಚ್ಚಿ ಕೂತುಕೊಳ್ಳಿ, ಕಾಡೇ ನಿಮ್ಮ ಜೊತೆ ಮಾತಾಡುತ್ತೆ" ಎಂದಳು. ಎಲ್ಲರೂ ಕಣ್ಣು ಮುಚ್ಚಿದರು. ನಮ್ಮ ಜನಕ್ಕೆ ಗುಂಪಿನಲ್ಲಿ ಕಣ್ಣು ಮುಚ್ಚಿದರೆ ಆಗುವುದು ಒಂದೇ. ಒಬ್ಬ ದೊಡ್ಡಪ್ಪ ಪ್ರಾರ್ಥನೆ ಶುರುಮಾಡಿದರು. ಕಾಡಿನಿಂದ ಹಿಡಿದು ದೇಶದ ನಾಯಕರವರೆಗೆ ಎಲ್ಲರನ್ನೂ ನೆನೆದರು. ನಾವು ಆಮೆನ್ ಎಂದು ಕಣ್ಣು ತೆರೆದರೆ ಬಾಳೆಗೊನೆ ಇಲ್ಲ, ಪುಳಿಹೋರೆಯ ತಪ್ಪಲೆ ಬೋರಲು ಬಿದ್ದಿದೆ, ಹುಣಸೆಮರದ ತುಂಬ ಕೋತಿಗಳು ಸಂಸಾರಸಮೇತ ಊಟಕ್ಕೆ ಕೂತಿವೆ.

ಹುಡುಗಿ ಮಾತ್ರ ಕಣ್ಣು ಬಿಟ್ಟುಕೊಂಡು ಕಂಬದ ಹಾಗೆ ನಿಂತಿದ್ದಳು.

"ನೋಡ್ತಾ ನಿಂತಿದ್ದೀಯಲ್ಲೇ! ಒಂದು ಕೂಗು ಹಾಕಬಾರದಾ?"

"ವನ್ಯಜೀವಿಗಳು ಊಟ ಮಾಡುವಾಗ ಅಡ್ಡಿಪಡಿಸಬಾರದು ಅಂತ ನೀವೇ ಹೇಳಿಕೊಟ್ಟಿದ್ದು ಮೇಡಂ."

ಬೆಜವಾಡದ ಮೇಟ್ರನ್

ಹೊರಡುವ ದಿನ ಹತ್ತಿರ ಬಂದರೂ ಅಜ್ಜಿಯ ಒಪ್ಪಿಗೆ ಬರಲಿಲ್ಲ. ಹುಡುಗಿ ಊಟ ಬಿಟ್ಟಳು. ಉಳಿದ ಐವರು ಅವಳನ್ನು ಕಂಡರೆ ತುಂಬಿದ ಗ್ಲಾಸು ಹಿಡಿದವರ ಹಾಗೆ ನಡೆದುಕೊಳ್ಳುತ್ತಿದ್ದರು. ನಾನೇ ಹೋಗಿ ಬರುತ್ತೇನೆ ಎಂದು ಹುಡುಗಿಯನ್ನು ಕರೆದುಕೊಂಡು ಹೊರಟೆ. ದುಭಾಷಿಯ ಕೆಲಸ ಬಿದ್ದರೂ ಬೀಳಬಹುದೆಂದು ಹಡಗಿನ ತಾತನೂ ಹೊರಟರು. ರೈಲು ಊರ ಪಕ್ಕದ ದುವ್ವಾಡ ದಾಟುವುದರೊಳಗೆ ಅವರು ಬೋಗಿಯವರಿಗೆಲ್ಲ ಚಂಡಮಾರುತದಲ್ಲಿ ಸಾಂಬಾರ್ ಕುದಿಸಿದ ಕಥೆ ಹೇಳಿ ಮುಗಿಸಿದ್ದರು.

ಬೆಜವಾಡದ ಬಿಸಿಲಿನಲ್ಲಿ ಇಳಿದರೆ ಒಗ್ಗರಣೆ ಬಾಣಲೆಗೆ ಇಳಿದಂತೆ. ಅಜ್ಜಿ ಮಾತ್ರ ಇಸ್ತ್ರಿ ಮಾಡಿದ ಬಿಳಿಯ ಮಂಗಳಗಿರಿ ಸೀರೆಯಲ್ಲಿ, ಒಂದು ಹನಿ ಬೆವರಿಲ್ಲದೆ ಬಾಗಿಲಲ್ಲಿ ನಿಂತಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ನರ್ಸುಗಳನ್ನು ಆಳಿದ ಮೇಟ್ರನ್ ಆಗಿ ನಿವೃತ್ತರಾದವರು. ಡಾಕ್ಟರುಗಳೇ ಅವರನ್ನು ಕಂಡರೆ ನಡುಗುತ್ತಿದ್ದರಂತೆ. ಅವರು ಕೇಳದಿದ್ದರೂ ನನ್ನ ಉಗುರು ತೋರಿಸಬೇಕೇನೋ ಅನಿಸಿತು.

"ಏಮ್ಮಾ, ಕಾಡು ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು? ಇಲ್ಲಿ ಕಾಡಿಲ್ಲವಾ?"

"ಇದೆ ಅಮ್ಮಗಾರೂ. ಅದನ್ನು ಚೆನ್ನಾಗಿ ತೋರಿಸೋದು ಹೇಗೆ ಅಂತ ಅಲ್ಲಿ ಕಲಿಸ್ತಾರೆ."

"ಇರೋದು ಯಾರ ಮನೆಯಲ್ಲಿ?"

ನಾನು ಅಲ್ಲಿನ ಮನೆಯವರ ಫೋಟೋ ಕೊಟ್ಟೆ. ಅಡ್ಡಗಲದ ನಗುವಿನ ತಾಯಿ, ಮೀಸೆಯ ತಂದೆ, ಕೋಳಿಗಳು, ಗೋಡೆಯ ಮೇಲೆ ಶಿಲುಬೆ. ಅಜ್ಜಿ ಅದ್ಯಾವುದನ್ನೂ ನೋಡಲಿಲ್ಲ. ಭೂತಗನ್ನಡಿ ತರಿಸಿ, ತೆರೆದ ಬಾಗಿಲೊಳಗೆ ಚೂರೇ ಕಾಣುತ್ತಿದ್ದ ಮಂಚವನ್ನು ಪರೀಕ್ಷಿಸಿದರು.

"ಚಾದರದ ಮೂಲೆ ಮಡಿಸಿ ಒಳಗೆ ಸಿಕ್ಕಿಸಿಲ್ಲ" ಎಂದರು. "ಆ ಹೆಂಗಸಿಗೆ ಫೋನ್ ಹಚ್ಚಿ. ಅವಳ ಜೊತೆ ನಾನೇ ಮಾತಾಡಬೇಕು."

ಇಬ್ಬರು ಮನೆಯೊಡತಿಯರು

ಸಂಜೆ ಏಳಕ್ಕೆ ಕರೆ ಮಾಡಿದೆವು. ಅಲ್ಲಿ ಬೆಳಗಿನ ತಿಂಡಿಯ ಹೊತ್ತು. ಹುಡುಗಿ ಅಜ್ಜಿಯ ಕನ್ನಡಕದ ಡಬ್ಬಿ ಹಿಡಿದುಕೊಂಡು ಗೋಡೆಗೊರಗಿ ನಿಂತಿದ್ದಳು. ಮೊದಲು ತಾತ ಮಾತಾಡಿದರು. ನಮಸ್ಕಾರ ಆಯಿತು, ಆಮೇಲೆ ಅವರ ಮುಖ ಅರಳಿತು, ಕೈ ಗಾಳಿಯಲ್ಲಿ ಏನನ್ನೋ ಕಲಕತೊಡಗಿತು.

"ಏನಂತಾಳೆ?" ಎಂದರು ಅಜ್ಜಿ.

"ಹುರುಳಿಕಾಳು ರಾತ್ರಿಯೇ ನೆನೆಹಾಕಬೇಕಂತೆ" ಎಂದರು ತಾತ.

ಅಜ್ಜಿ ಫೋನು ಕಿತ್ತುಕೊಂಡರು. ತೆಲುಗಿನಲ್ಲೇ ಶುರುಮಾಡಿದರು. ಹುಡುಗಿ ಹುಟ್ಟಿದ್ದು, ತಾಯಿ ಹೋದದ್ದು, ಚಿಕ್ಕಂದಿನಲ್ಲಿ ಅವಳಿಗೆ ಬಂದ ಟೈಫಾಯ್ಡು, ಮೊಸರಿಲ್ಲದೆ ಅವಳು ಉಣ್ಣದಿರುವುದು. ಆ ಕಡೆಯಿಂದ ಸ್ಪ್ಯಾನಿಷ್ ಹೊಳೆಯಂತೆ ಹರಿದು ಬಂತು. ಇವರು ಅತ್ತರು, ಅವರೂ ಅತ್ತರು. ಅವರು ಏನೋ ಕೇಳಿದಾಗಲೆಲ್ಲ ಇವರು "ಅಲಾಗೇ, ಅಲಾಗೇ" ಎನ್ನುವರು. ಆಗಲಿ ಆಗಲಿ ಎಂದು. ಹಿರಿಯರ ಮಾತಿಗೆ, ನೆಂಟರ ಮಾತಿಗೆ ಇಲ್ಲ ಎನ್ನುವುದೇ ಗೊತ್ತಿಲ್ಲದ ಸೀಮೆ ಅದು. ನನ್ನ ಕಾಲಿಂಗ್ ಕಾರ್ಡು ಮುಗಿದು ತಾನಾಗಿ ಕಟ್ಟಾಗುವ ತನಕ ಮಾತು ನಡೆಯಿತು.

ಅಜ್ಜಿ ಕಣ್ಣೊರೆಸಿಕೊಂಡು, "ಹುಡುಗಿ ಹೋಗಲಿ" ಎಂದರು. ಹುಡುಗಿ ಕನ್ನಡಕದ ಡಬ್ಬಿ ಎತ್ತಿಹಾಕಿ ಅಜ್ಜಿಯನ್ನು ತಬ್ಬಿಕೊಂಡಳು. ನಾನೂ ಅತ್ತುಬಿಟ್ಟೆ, ಏನೀಗ?

"ಒಂದು ಮಾತೂ ತಿಳಿಯದೆ ಹೇಗೆ ಒಪ್ಪಿದಿರಿ ಅಮ್ಮಗಾರೂ?"

"ತಿಳಿಯೋದೇನು? ನಡುವೆ ಯಾವನೋ ಗಂಡಸಿಗೆ ಜೋರಾಗಿ ಬೈದಳು, ಅವನು ಉಸಿರೆತ್ತಲಿಲ್ಲ. ಮನೆ ಅವಳ ಕೈಯಲ್ಲಿದೆ. ಸಾಕು."

ಕುಣಿಯುತ್ತ ವಿಶಾಖಪಟ್ಟಣಕ್ಕೆ ಬಂದೆ. ವಾರದೊಳಗೆ ಅಲ್ಲಿನ ಟೀಚರಮ್ಮನಿಂದ ಈಮೇಲ್ ಬಂತು. ಅಜ್ಜಿಯೂ ಬರಲು ಒಪ್ಪಿದ್ದಾರೆಂದು ಮನೆಯೊಡತಿ ಊರಿಗೆಲ್ಲ ಹೇಳಿದ್ದಾರಂತೆ! ವಯಸ್ಸಾದವರು, ಮೆಟ್ಟಿಲು ಹತ್ತಬಾರದೆಂದು ಕೆಳಗಿನ ಕೋಣೆಯಿಂದ ಗಂಡನನ್ನು ಎಬ್ಬಿಸಿ, ಸುಣ್ಣ ಹೊಡೆಸಿ, ಹೊಸ ಮಂಚ ಹಾಕಿಸಿದ್ದಾರಂತೆ. ಯಾವ ವಿಮಾನಕ್ಕೆ ಬರುತ್ತಾರೆ ಎಂದು ಕೇಳಿದ್ದರು. ಅಲಾಗೇ ಅಲಾಗೇ ಎಂದು ನಮ್ಮ ಮೇಟ್ರನ್ ಯಾವುದಕ್ಕೆಲ್ಲ ಒಪ್ಪಿಕೊಂಡಿದ್ದರೋ ದೇವರೇ ಬಲ್ಲ. ಇದನ್ನು ಕೇಳಿ ಅಜ್ಜಿ ನಾಚಿಕೊಂಡು ಹುಡುಗಿಯನ್ನೂ ಕಳಿಸುವುದಿಲ್ಲ ಎಂದರೆ? ಆರು ಹೋಗಿ ಐದಾದರೆ? ಬೆಜವಾಡಕ್ಕೆ ಫೋನ್ ಮಾಡಿ ಎಲ್ಲ ಹೇಳಿದೆ.

ಅಜ್ಜಿ ಮಂಚದ ವಿಷಯವನ್ನು ಎರಡು ಸಲ ಹೇಳಿಸಿ ಕೇಳಿದರು.

"ಅಮ್ಮಗಾರೂ, ನೀವು ಬರೋದಿಲ್ಲ ಅಂತ ಇವತ್ತೇ ಬರೆದುಬಿಡ್ತೀನಿ, ಆಗಬಹುದಾ?"

"ಅಯ್ಯೋ, ಅಂಥ ತಪ್ಪು ಮಾತ್ರ ಮಾಡಬೇಡಮ್ಮಾ!" ಎಂದರು ಅಜ್ಜಿ. "ನನಗೆ ಈ ಮಂಡಿ ಇಟ್ಟುಕೊಂಡು ಬೀದಿ ದಾಟೋಕಾಗಲ್ಲ, ಎಲ್ಲಿ ಬರಲಿ? ಆದರೆ ಮಂಚ ಹಾಗೇ ಇರಲಿ. ಇವತ್ತು ಬರ್ತಾಳೋ ನಾಳೆ ಬರ್ತಾಳೋ ಅಂತ ನಾಲ್ಕು ತಿಂಗಳೂ ಅವಳು ಬಾಗಿಲು ನೋಡ್ತಾ ಇದ್ದರೇನೇ, ನನ್ನ ಹುಡುಗಿಗೆ ಹೊತ್ತು ಹೊತ್ತಿಗೆ ಸರಿಯಾಗಿ ಅನ್ನ ಬೀಳೋದು!"